ಕ್ಯಾಪ್ಟನ್ ಕಲಿತ ಕುಣಿತ

ಇಸವಿ ಕೇಳಬೇಡಿ; ಕೇಳಿದರೆ ಯಾವುದೋ ಒಂದನ್ನು ಹೇಳಿಬಿಡುತ್ತೇನೆ. ಫಿಲಿಪ್ಪೀನ್ಸ್ ದ್ವೀಪಗಳನ್ನು ಸ್ಪೇನಿನವರು ಆಳುತ್ತಿದ್ದ ಕಾಲ, ಅಷ್ಟು ಸಾಕು.

ಅಲ್ಲೊಂದು ಹೊಳೆಯ ದಂಡೆಯಲ್ಲಿ ಅಂಬೊ ಎಂಬ ಮುದುಕ ಎಸ್ಕ್ರಿಮಾ ಕಲಿಸುತ್ತಿದ್ದ. ಅದು ಆ ನಾಡಿನ ಕತ್ತಿವರಸೆ. ಕತ್ತಿ ಹಿಡಿಯಕೂಡದೆಂದು ಅಪ್ಪಣೆಯಾಗಿದ್ದರಿಂದ ಕೈಯಲ್ಲಿ ಬೆತ್ತದ ಕೋಲು. ಕೋಲಿನಲ್ಲಿ ಕಲಿತು ಸಿಕ್ಕಿಬಿದ್ದರೂ ಸೆರೆಮನೆಯೇ.

ಒಂದು ಬೆಳಿಗ್ಗೆ ಶಿಷ್ಯ ಕುಲಾಸ್ ಎರಡೂ ಕೈಯಲ್ಲಿ ಕೋಲು ಹಿಡಿದು, ಚಾಪೆ ಹೆಣೆದ ಹಾಗೆ ಅಡ್ಡಡ್ಡ ಬೀಸುತ್ತಿದ್ದ. ಬೀಸುವ ಖುಷಿಯಲ್ಲಿ ಕುದುರೆಯ ಸದ್ದು ಕೇಳಲಿಲ್ಲ.

“ಏನಿದು?” ಎಂದ ಸ್ಪೇನಿನ ಕ್ಯಾಪ್ಟನ್, ಕುದುರೆಯ ಮೇಲಿಂದಲೇ.

ಕುಲಾಸ್ ಕೋಲುಗಳನ್ನು ಬೆನ್ನ ಹಿಂದೆ ಸರಿಸಿದ.

“ಕುಣಿತ, ಧಣಿಗಳೇ,” ಎಂದ ಗುರು. “ಚರ್ಚಿನ ಹಬ್ಬಕ್ಕೆ. ಇವನಿಗೆ ಇನ್ನೂ ಸೊಂಟ ಬಳುಕುತ್ತಿಲ್ಲ, ನೋಡಿ.”

“ಕುಣಿತವೋ? ಹಾಗಾದರೆ ನನಗೂ ಕಲಿಸು. ಆಗಲ್ಲ ಅಂದರೆ ಇಬ್ಬರೂ ಸೆರೆಮನೆಗೆ ನಡೆಯಿರಿ.”

“ಇಳಿಯಿರಿ ಮತ್ತೆ. ಬೂಟು ಬಿಚ್ಚಿ.”

ಕ್ಯಾಪ್ಟನ್ ಬೂಟು ಬಿಚ್ಚಿದ. ಎಂಟು ದಿನ ಕಲಿತ.

ಗುರು ಒಂದನ್ನೂ ಬಚ್ಚಿಡಲಿಲ್ಲ. ಕಿವಿಯ ಮೇಲೆ ಬೀಳುವ ಏಟು, ಮೊಣಕಾಲಿನ ಏಟು, ಕತ್ತಿ ಹಿಡಿದ ಮಣಿಕಟ್ಟಿಗೇ ಬಿದ್ದು ಕತ್ತಿ ಉದುರಿಸುವ ಏಟು. ಕುಲಾಸನಿಗೆ ಮೂರು ವರ್ಷ ಹಿಡಿದದ್ದೆಲ್ಲ ಡೋಲಿನ ಬಡಿತದೊಂದಿಗೆ ಕ್ಯಾಪ್ಟನ್‌ಗೆ ಸಿಕ್ಕಿತು.

“ಗುರುಗಳೇ, ಮಣಿಕಟ್ಟಿನದ್ದನ್ನಾದರೂ ಬಿಡಿ,” ಎಂದು ಕುಲಾಸ್ ಪಿಸುಗುಟ್ಟಿದ.

“ಅದರಲ್ಲೇ ಅಲ್ಲವೇನೋ ಸೊಂಟ ಚೆನ್ನಾಗಿ ತಿರುಗೋದು? ಬಿಡೋದು ಹೇಗೆ?”

ಹಬ್ಬದ ದಿನ ಚರ್ಚಿನ ಮುಂದೆ ಕ್ಯಾಪ್ಟನ್ ಕುಣಿದ. ಊರು ಶಿಳ್ಳೆ ಹೊಡೆಯಿತು. ಡೋಲು ಬಡಿದದ್ದೇ ತಡ, ಮತ್ತೆ ಕುಣಿದ. ಮೂರು ಸಲ ಕುಣಿದ ಅನ್ನುವವರಿದ್ದಾರೆ. ನಾನು ಏಳಕ್ಕಿಂತ ಕಡಿಮೆ ಹೇಳುವವನಲ್ಲ. ಕೊನೆಗೆ ಪಾದ್ರಿಗಳೇ ಬಂದು ತೋಳು ಹಿಡಿದು ಕೂರಿಸಬೇಕಾಯಿತು. ಈ ಕುಣಿತಕ್ಕೆ ಇನ್ನು ಯಾರೂ ಅಡ್ಡಿ ಮಾಡಕೂಡದೆಂದು ಕ್ಯಾಪ್ಟನ್ ಏದುಸಿರಲ್ಲೇ ಅಪ್ಪಣೆ ಕೊಟ್ಟ.

ಗುಡಿಸಲಿಗೆ ಬಂದ ಮೇಲೆ ಕುಲಾಸ್ ಊಟ ಮುಟ್ಟಲಿಲ್ಲ.

“ಯಾಕೋ ಮುಖ ಊದಿಸಿಕೊಂಡಿದ್ದೀ? ಸೆರೆಮನೆ ತಪ್ಪಿತಲ್ಲ.”

“ತಪ್ಪಿತು. ಆದರೆ ನಮ್ಮ ವಿದ್ಯೆ ಪೂರ್ತಿ ಅವನ ಕೈಗೆ ಹೋಯಿತು. ನಾಳೆ ಅವನೇ ಕತ್ತಿ ಹಿಡಿದು ನನ್ನ ಮೇಲೆ ಬಂದರೆ ನಾನೇನು ಮಾಡಲಿ?”

ಗುರು ಸುಟ್ಟ ಮೀನಿನ ಮುಳ್ಳು ಬಿಡಿಸುತ್ತಿದ್ದ. ಪೂರ್ತಿ ಬಿಡಿಸಿದ ಮೇಲೆಯೇ ತಲೆಯೆತ್ತಿದ.

“ತಾಳ ಹಾಕು.”