ನಲವತ್ತು ಮನೆಯ ಮದೀನಾ

“ಉಸ್ತಾದ್, ಅರಬ್ಬಿಯಲ್ಲಿ ಪಟ್ಟಣಕ್ಕೆ ಮದೀನಾ ಎನ್ನುತ್ತಾರೆ. ಎಷ್ಟು ಮನೆಗಳಾದರೆ ಒಂದು ಹಳ್ಳಿ ಮದೀನಾ ಆಗುತ್ತದೆ?” ಎಂದು ಯಾಸೀನ ಕೇಳಿದ.

ಭಟ್ಕಳದಲ್ಲಿ ಅವನಿಗೆ ಅರಬ್ಬಿ ಕಲಿಸುತ್ತಿದ್ದ ಉಸ್ತಾದ್ ಜೈನುದ್ದೀನರು ಪುಸ್ತಕ ಮುಚ್ಚಿ ಹೇಳತೊಡಗಿದರು.

ಒಬ್ಬ ಮೆಣಸಿನ ವ್ಯಾಪಾರಿಯಿದ್ದ. ನಮ್ಮ ಕರಾವಳಿಯಿಂದ ಹಡಗು ಹತ್ತಿ ಹೋದವನು ಹಲವು ವರ್ಷ ದೇಶ ತಿರುಗಿದ. ಹೋದಲ್ಲೆಲ್ಲ ಮದೀನಾ ಎಂಬ ಮಾತು ಅವನಿಗೆ ಎದುರಾಯಿತು. ಅರಬರ ನಾಡಿನಲ್ಲಿ ಅದು ಕಿವಿಗೆ ಬಿತ್ತು. ಮಾಲ್ಟಾ ದ್ವೀಪದ ಕೋಟೆಯೂರಿಗೂ ಅದೇ ಹೆಸರಿತ್ತು. ಸ್ಪೇನಿನಲ್ಲಿ ಅರಬರ ಆಳ್ವಿಕೆ ಮುಗಿದು ಜನರ ಭಾಷೆಯೇ ಬೇರೆಯಾಗಿತ್ತು. ಆದರೂ ಊರುಗಳ ಹೆಸರಿನಲ್ಲಿ ಆ ಮಾತು ಉಳಿದಿತ್ತು. ಇದು ಹುಟ್ಟಿದ್ದೆಲ್ಲಿ ಎಂಬ ಕುತೂಹಲ ಅವನನ್ನು ಬಿಡಲಿಲ್ಲ.

ಮರಳುವಾಗ ಸಿರಿಯಾದ ಬೆಟ್ಟಗಳ ನಡುವೆ ನಲವತ್ತು ಮಣ್ಣಿನ ಮನೆಗಳ ಒಂದು ಊರಿನಲ್ಲಿ, ಊರೊಡೆಯರ ಮನೆಯಲ್ಲಿ ತಂಗಿದ. ಅಲ್ಲಿಯವರು ಆಡುತ್ತಿದ್ದುದು ಅರಾಮಿ ಎಂಬ ಹಳೆಯ ಭಾಷೆ. ಅವರೂ ತಮ್ಮ ಊರನ್ನು ಮದೀನಾ ಎಂದೇ ಕರೆದರು. ಅಲ್ಲಿ ಕೋಟೆಯಿರಲಿಲ್ಲ, ಸಂತೆಯೂ ಇರಲಿಲ್ಲ. ವ್ಯಾಪಾರಿಗೆ ನಗು ಬಂತು.

ಮರುದಿನ ಬೆಳಿಗ್ಗೆ ಅವನ ಒಂಟೆಗಳು ಹಗ್ಗ ಬಿಡಿಸಿಕೊಂಡು ಒಬ್ಬ ವಿಧವೆಯ ಜವೆಗೋಧಿಯ ಪೈರನ್ನು ಮೇದುಬಿಟ್ಟವು. ಅವಳು ದೂರು ಕೊಟ್ಟಳು. ನ್ಯಾಯ ಹೇಳುವ ಮುದುಕ ವ್ಯಾಪಾರಿಯನ್ನು ಕರೆಸಿ ಅವಳ ಪಕ್ಕದಲ್ಲೇ ನಿಲ್ಲಿಸಿದ.

“ನಾನು ಈ ಊರಿನ ಒಡೆಯರ ಅತಿಥಿ,” ಎಂದ ವ್ಯಾಪಾರಿ.

“ಒಡೆಯರ ಮೇಲೆ ದೂರು ಬಂದರೆ ಅವರೂ ಅಲ್ಲೇ ನಿಲ್ಲುತ್ತಾರೆ,” ಎಂದ ಮುದುಕ.

ಆ ಹೊಲವನ್ನು ತನ್ನ ಒಂಟೆಗಳಿಂದಲೇ ಉತ್ತು, ಬಿತ್ತಿಕೊಟ್ಟು ಹೋಗಬೇಕೆಂದು ತೀರ್ಪಾಯಿತು. ಊರಿಗೆ ಮರಳುವ ಹಡಗು ಅವನಿಗೆ ತಪ್ಪಿತು. ಮೊದಲೆರಡು ದಿನ ಹಲ್ಲು ಕಚ್ಚಿಕೊಂಡು ಉತ್ತ. ಮೂರನೆಯ ದಿನ ವಿಧವೆಯೇ ಬದುವಿಗೆ ಬಂದು ರೊಟ್ಟಿ ಕೊಟ್ಟಾಗ ಅವನ ಸಿಟ್ಟು ಇಳಿಯಿತು. ಕೆಲಸ ಮುಗಿಯಲು ಒಂಬತ್ತು ದಿನ ಹಿಡಿಯಿತು. ಹೊರಡುವಾಗ ಅವನು ಮುದುಕನನ್ನು ಕೇಳಿದ: “ಇಷ್ಟು ಚಿಕ್ಕ ಊರಿಗೆ ಅಷ್ಟು ದೊಡ್ಡ ಹೆಸರೇಕೆ?”

“ನಮ್ಮ ಮಾತಿನಲ್ಲಿ ದೀನ್ ಎಂದರೆ ತೀರ್ಪು. ತೀರ್ಪು ಸಿಗುವ ಜಾಗ ಮದೀನಾ. ಮನೆಗಳನ್ನು ನಾವು ಲೆಕ್ಕಕ್ಕೆ ಹಿಡಿದಿಲ್ಲ,” ಎಂದ ಮುದುಕ.

ಉಸ್ತಾದರು ಕತೆ ನಿಲ್ಲಿಸಿದರು. ಯಾಸೀನನ ಮುಖ ಅರಳಿತು.

“ಹಾಗಾದರೆ ನಮ್ಮ ಊರು ಮದೀನಾ ಹೌದೋ ಅಲ್ಲವೋ, ಉಸ್ತಾದ್?”

“ನಿನ್ನ ಮೇಲೆ ದೂರಿರುವ ಬಡವ ಇಲ್ಲಿ ಯಾರ ಬಾಗಿಲಿಗೆ ಹೋಗಬೇಕು, ಮೊದಲು ಅದನ್ನು ಹೇಳು,” ಎಂದರು ಉಸ್ತಾದರು.