ಹುಟ್ಟುವ ಮೊದಲೇ ಹೊಲಿದ ಕುಲಾವಿ

ಪೂಜ್ಯ ಜ್ಞಾನಪ್ರಕಾಶ ಸ್ವಾಮಿಯವರು ಚಿಲುಮೆಕೊಪ್ಪಲಿನಲ್ಲಿ ಗುರುಗಳಾಗಿದ್ದಷ್ಟು ಕಾಲವೂ ಅವರಿಗಿದ್ದದ್ದು ಒಂದು ಕೋಣೆ, ಒಂದು ಹಗ್ಗದ ಮಂಚ, ಗೋಡೆಯ ಮೇಲೊಂದು ಶಿಲುಬೆ. ದೇವಾಲಯವೂ ಅಂಥ ದೊಡ್ಡದೇನಲ್ಲ. ಮಣ್ಣಿನ ಗೋಡೆ, ಹಂಚಿನ ಮಾಡು. ಆದರೆ ಕ್ರಿಸ್ತ ಜಯಂತಿಗೆ ಮುಂಚಿನ ಆಗಮನ ಕಾಲದ ನಾಲ್ಕು ವಾರಗಳು ಬಂದವೆಂದರೆ ಸ್ವಾಮಿಯವರು ಒಂದೆಡೆ ಕೂರುತ್ತಿರಲಿಲ್ಲ. ಹಬ್ಬಕ್ಕೆ ಬರುವ ತಂಗಿಯ ದಾರಿ ಕಾಯುವ ಅಣ್ಣನಂತೆ ದಿನಕ್ಕೆ ಹತ್ತು ಸಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

ಆ ವರ್ಷ ಮೊದಲನೆಯ ಭಾನುವಾರವೇ ಗೋದಲಿ ಕಟ್ಟಿದವನು ಗಂಟೆ ಬಾರಿಸುವ ಚೌರಪ್ಪ. ಭತ್ತದ ಹುಲ್ಲು ಹಾಸಿದ, ಮಾತೆ ಮರಿಯಮ್ಮನವರನ್ನೂ ಸಂತ ಜೋಸೆಫರನ್ನೂ ನಿಲ್ಲಿಸಿದ, ಅದೇ ಹುರುಪಿನಲ್ಲಿ ಬಾಲಯೇಸುವಿನ ಮಣ್ಣಿನ ಮೂರ್ತಿಯನ್ನೂ ಮೇವಿನ ತೊಟ್ಟಿಯಲ್ಲಿ ಮಲಗಿಸಿಬಿಟ್ಟ. ಜಯಂತಿಯವರೆಗೆ ತೊಟ್ಟಿ ಬರಿದಾಗಿರಬೇಕೆಂಬುದು ಊರಿನ ಮಕ್ಕಳಿಗೂ ಗೊತ್ತು. ‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂದು ಮುಂದೆ ಅವನೇ ಹೇಳಿಕೊಂಡು ನಗುತ್ತಿದ್ದ. ಈ ಪ್ರಸಂಗವನ್ನು ನಾನು ಕೇಳಿದ್ದು ಅವನ ಬಾಯಿಂದಲೇ.

ಅದೇ ದಿನ ಮಧ್ಯಾಹ್ನ ಸೂಲಗಿತ್ತಿ ಮದಲೇನಮ್ಮ ದೇವಾಲಯಕ್ಕೆ ಬಂದಳು. ನಲವತ್ತು ವರ್ಷ ಊರಿನ ಹೆರಿಗೆಗಳನ್ನೆಲ್ಲ ಮಾಡಿಸಿದವಳು. ಬ್ಲೇಡು, ನೂಲುಂಡೆ, ಹರಳೆಣ್ಣೆಯ ಸೀಸೆ ಇದ್ದ ತನ್ನ ಬಟ್ಟೆಯ ಚೀಲವನ್ನು ಸ್ವಾಮಿಯವರ ಮುಂದಿಟ್ಟಳು.

“ಇದ ದೇವರ ಪಾದದಲ್ಲೇ ಮಡಿಕ್ಕೊಳಿ ಸ್ವಾಮಿ. ಇನ್ನು ನನ್ ಕೈಲಾಗಕಿಲ್ಲ.”

ಸ್ವಾಮಿಯವರಿಗೆ ಕಾರಣ ತಿಳಿದಿತ್ತು. ಹಿಂದಿನ ವರ್ಷ ಇದೇ ಆಗಮನ ಕಾಲದಲ್ಲಿ, ಮಗ್ಗದವರ ಮನೆಯ ಲೂರ್ದಮ್ಮನಿಗೆ ಏಳನೇ ತಿಂಗಳಲ್ಲೇ ಹೆರಿಗೆಯಾಗಿತ್ತು. ಕೂಸು ಉಳಿಯಲಿಲ್ಲ. ಈಗ ಲೂರ್ದಮ್ಮ ಮತ್ತೆ ಬಸುರಿ. ದಿನ ತುಂಬುವುದು ಜಯಂತಿಯ ಹೊತ್ತಿಗೆ. ಮದಲೇನಮ್ಮನಲ್ಲದೆ ಇನ್ನಾರೂ ತನ್ನನ್ನು ಮುಟ್ಟಕೂಡದೆಂದು ಹಟ ಹಿಡಿದಿದ್ದಳು. ಮದಲೇನಮ್ಮನೋ, ಆ ಬೀದಿಗೆ ಕಾಲಿಡುವುದನ್ನೇ ಬಿಟ್ಟಿದ್ದಳು.

“ಅರ್ಧ ಗಂಟೆ ಉಸುರಾಡ್ತು ಸ್ವಾಮಿ. ನಾನೇ ನೀರು ಹುಯ್ದು ಜ್ಞಾನಸ್ನಾನ ಕೊಟ್ಟೆ. ತಣ್ಣೀರು ಬಿದ್ರೂ ಅಳನಿಲ್ಲ. ಒಂದೇ ಒಂದು ಸಲ ಅತ್ತಿದ್ರೆ ಸಾಕಾಗಿತ್ತು. ವರ್ಷಾಯ್ತು, ನನ್ ಕಿವಿ ಇನ್ನೂ ಅದನ್ನೇ ಕಾಯ್ತಾ ಅದೆ.”

ಹೇಳುತ್ತ ಹೇಳುತ್ತ ಆಕೆಯ ಕಣ್ಣು ಗೋದಲಿಯ ಮೇಲೆ ಬಿತ್ತು. ತೊಟ್ಟಿಯಲ್ಲಿದ್ದ ಮಗುವನ್ನು ಕಂಡು ಎದೆ ಹಿಡಿದುಕೊಂಡಳು.

“ಇದೇನು ಸ್ವಾಮಿ, ದಿನ ತುಂಬೋಕ್ ಮುಂಚೆ ಕೂಸ ಮಲಗ್ಸವ್ರೆ?” ಎಂದವಳೇ ಬಿಕ್ಕಿ ಬಿಕ್ಕಿ ಅತ್ತಳು. ಚೌರಪ್ಪ ಕಂಬದ ಮರೆಗೆ ಸರಿದ.

ಸ್ವಾಮಿಯವರು ಎದ್ದರು. ಮೂರ್ತಿಯನ್ನೆತ್ತಿ ತಮ್ಮ ಶಾಲಿನಲ್ಲಿ ಸುತ್ತಿ ಆಕೆಯ ಕೈಯಲ್ಲಿಟ್ಟರು.

“ನಿಜ ಅಮ್ಮ, ದಿನ ತುಂಬಿಲ್ಲ. ತುಂಬುವವರೆಗೆ ನೀನೇ ನೋಡಿಕೊ. ಒಂದು ಕುಲಾವಿಯನ್ನೂ ಹೊಲಿ.”

“ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲಿಸಿದ್ರು ಅಂತ ಜನ ನಗಾಕಿಲ್ವಾ? ಹೋದ್ ವರ್ಷ ಲೂರ್ದು ಹೊಲ್ದಿದ್ಲು ಸ್ವಾಮಿ. ಅದ ಮಣ್ಣಿಗೆ ಹಾಕುದ್ವಿ.”

ಸ್ವಾಮಿಯವರ ಕಣ್ಣೂ ತುಂಬಿತ್ತೆಂದು ಚೌರಪ್ಪ ಹೇಳುತ್ತಾನೆ.

“ನಗುವವರು ನಗಲಿ. ಆಗಮನ ಕಾಲವೆಂದರೆ ಅದೇ ಅಲ್ಲವೇ? ಬರುತ್ತಾನೆಂದು ನಂಬಿದವರು ಮೊದಲೇ ಹೊಲಿಯುತ್ತಾರೆ.”

ಆಕೆಯ ಚೀಲವನ್ನು ಮಾತ್ರ ಹಿಂದಿರುಗಿಸಲಿಲ್ಲ. ಗೋದಲಿಯ ಪಕ್ಕದ ಮೊಳೆಗೆ ತೂಗುಹಾಕಿದರು.

ಮದಲೇನಮ್ಮ ಬಾಲಯೇಸುವನ್ನು ಮನೆಗೆ ಕೊಂಡೊಯ್ದಳು. ಮೊದಲ ವಾರ ಮೊರದಲ್ಲಿ ಮಲಗಿಸಿ ಸುಮ್ಮನೆ ನೋಡುತ್ತ ಕೂತಿದ್ದಳಂತೆ. ಎರಡನೆಯ ವಾರ ಹಳೇ ಸೀರೆ ಒಗೆದು ಮೆತ್ತಗೆ ಮಾಡಿದಳು, ಸಾಂಬ್ರಾಣಿ ಹಾಕಿದಳು, ಸೂಜಿಗೆ ದಾರ ಪೋಣಿಸಿದಳು. ನೆರೆಯ ಹೆಂಗಸರು ತಾವೂ ಹಳೇ ಬಟ್ಟೆ ತಂದುಕೊಟ್ಟರು. ಒಂದು ದಿನ ಲೂರ್ದಮ್ಮನೇ ತುಂಬುಬಸುರು ಹೊತ್ತು ಬಂದು ಪಕ್ಕದಲ್ಲಿ ಕೂತಳು. “ನಾನೂ ಕಾಯ್ತಾ ಇವ್ನಿ ದೊಡ್ಡವ್ವ. ನೀನು ಬತ್ತೀಯಾ?” ಎಂದು ಕೇಳಿದಳು. ಮದಲೇನಮ್ಮ ತಲೆಯೆತ್ತಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಹೊಲಿಗೆ ಮುಂದುವರಿಸಿದಳು.

ಮೂರನೆಯದು ಆನಂದದ ಭಾನುವಾರ, ಹಬ್ಬ ಹತ್ತಿರ ಬಂತೆಂದು ಹಿಗ್ಗುವ ದಿನ. ಸ್ವಾಮಿಯವರು ಆಗಮನ ಕಾಲದ ನೇರಳೆ ಬಣ್ಣದ ಪೂಜಾ ಉಡುಪು ಬಿಟ್ಟು ಗುಲಾಬಿ ಬಣ್ಣದ್ದನ್ನು ತೊಟ್ಟಿದ್ದರು. ಪೂಜೆ ಮುಗಿದ ಮೇಲೆ ಮದಲೇನಮ್ಮ ಕುಲಾವಿಯನ್ನು ತಂದು ತೋರಿಸಿದಳು. ಚೌರಪ್ಪನಿಗೆ ನಗು ತಡೆಯಲಾಗಲಿಲ್ಲ.

“ಇಷ್ಟ್ ದೊಡ್ಡದಾ ದೊಡ್ಡವ್ವ? ಬಾಲಯೇಸು ಇದ್ರೊಳಗೆ ಮುಳುಗೋಯ್ತದೆ.”

“ಕೈ ಕೇಳ್ನಿಲ್ಲ ಕಣಪ್ಪ. ಅದುಕ್ ಗೊತ್ತಿರೋ ಅಳತೆ ಇದೊಂದೇಯ.”

ಸ್ವಾಮಿಯವರು ಅದನ್ನು ಅಂಗೈಯಲ್ಲಿಟ್ಟು ಆಶೀರ್ವದಿಸಿದರು. “ಸರಿಯಾಗಿದೆ” ಎಂದಷ್ಟೇ ಅಂದರು.

ಜಯಂತಿಯ ಮುನ್ನಾದಿನ ಸಂಜೆ ಚೌರಪ್ಪ ಗೋದಲಿಗೆ ದೀಪ ಹಚ್ಚುತ್ತಿದ್ದಾಗ ಮದಲೇನಮ್ಮ ಓಡಿಬಂದಳು. ಕೈಯಲ್ಲಿ ಮೂರ್ತಿ ಇರಲಿಲ್ಲ. ಶಿಲುಬೆಯ ಗುರುತನ್ನೂ ಹಾಕಿಕೊಳ್ಳದೆ ನೇರವಾಗಿ ಮೊಳೆಯಲ್ಲಿದ್ದ ಚೀಲ ಕಿತ್ತುಕೊಂಡು, ಬಂದ ಹಾಗೆಯೇ ಮಗ್ಗದವರ ಬೀದಿಯತ್ತ ಓಡಿದಳು. ಸ್ವಾಮಿಯವರು ಅಲ್ಲಿಯೇ ಮೊಣಕಾಲೂರಿದರು.

ಆ ರಾತ್ರಿಯ ಪೂಜೆ ಬರಿದಾದ ತೊಟ್ಟಿಯ ಮುಂದೆಯೇ ನಡೆಯಿತು. ಜನ ಗುಸುಗುಸು ಅಂದರು. ಮೂರ್ತಿಯನ್ನು ತರಲೆಂದು ಹೊರಟ ಚೌರಪ್ಪನನ್ನು ಸ್ವಾಮಿಯವರು ತಡೆದರು. “ಕಾಯೋಣ” ಎಂದರು.

ಬೆಳಗಿನ ಪೂಜೆಗೆ ಗಂಟೆ ಬಾರಿಸುವ ಹೊತ್ತಿಗೆ ಮದಲೇನಮ್ಮ ಬಂದಳು. ಕಣ್ಣು ಕೆಂಪಾಗಿದ್ದವು, ಸೆರಗಿನಲ್ಲಿ ಹರಳೆಣ್ಣೆಯ ವಾಸನೆ. ಕೈಯಲ್ಲಿದ್ದ ಸ್ವಾಮಿಯವರ ಶಾಲು ಬಿಚ್ಚಿದರೆ ಬಾಲಯೇಸುವಿನ ತಲೆ ಬರಿದಾಗಿತ್ತು.

“ತಪ್ಪಾಯ್ತು ಸ್ವಾಮಿ. ಹೊತ್ಗೆ ಸರ್ಯಾಗಿ ತರ್ನಿಲ್ಲ. ಕುಲಾವೀನೂ ಇಲ್ಲ, ಇನ್ನೊಂದ್ ತಲೆಗೆ ಹಾಕ್ಬುಟ್ಟೆ.”

ಸ್ವಾಮಿಯವರು ಕೇಳಿದ್ದು ಒಂದೇ ಮಾತು.

“ಅತ್ತಿತೇ ಅಮ್ಮ?”

ಮದಲೇನಮ್ಮ ಬಾಲಯೇಸುವನ್ನು ತನ್ನ ಕೈಯಾರೆ ತೊಟ್ಟಿಯಲ್ಲಿ ಮಲಗಿಸಿ, ಚುಚ್ಚುವ ಹುಲ್ಲನ್ನು ಅತ್ತಿತ್ತ ಸರಿಸಿ, ಮೊಣಕಾಲೂರಿ ಶಿಲುಬೆಯ ಗುರುತು ಹಾಕಿಕೊಂಡಳು. ಆಮೇಲೆ ಮುಖವೆತ್ತಿದಳು.

“ಇನ್ನೂ ಅಳ್ತಾನೇ ಅದೆ ಸ್ವಾಮಿ. ಕೇಳ್ಕೊಂಡೇ ಬಂದೆ.”