ದುರ್ಗವ್ವನ ಮುಂದೆ ಓಟಿನ ಆಣೆ

ಮತದಾನ ಹತ್ತಿರ ಬಂದಿತ್ತು. ಶಾಸಕ ಚನ್ನಬಸನಗೌಡರು ಓಣಿಯ ಜನರನ್ನೆಲ್ಲ ದುರ್ಗವ್ವನ ಗುಡಿಗೆ ಕರೆಸಿದರು. ದೇವಿಯ ಮುಂದಿಟ್ಟ ತೆಂಗಿನಕಾಯಿ ಮುಟ್ಟಿ, ‘ನನ್ನ ಓಟು ಗೌಡರಿಗೇ’ ಎಂದು ಒಬ್ಬೊಬ್ಬರೂ ಆಣೆ ಮಾಡಬೇಕಿತ್ತು. ಮಾಡದವರ ಅಂಗಡಿ ನಾಳೆ ಬಸ್‌ಸ್ಟ್ಯಾಂಡಿನಲ್ಲಿ ಇರುವುದಿಲ್ಲವೆಂದು ಗೌಡರ ಕಡೆಯವರು ಮೊದಲೇ ಹೆದರಿಸಿದ್ದರು. ಸುಳ್ಳು ಆಣೆ ಮಾಡಿದವರನ್ನು ದುರ್ಗವ್ವ ಬಿಡುವುದಿಲ್ಲವೆಂದು ಊರಿಗೆಲ್ಲ ನಂಬಿಕೆ.

ಮೊದಲು ಕರೆದದ್ದು ಮಿರ್ಚಿ ಭಜಿ ಮಾರುವ ಫಕೀರವ್ವನನ್ನು. ಈ ಸಲ ಬೇರೆಯವರಿಗೆ ಓಟು ಹಾಕಬೇಕೆಂದು ಆಕೆ ಮನಸ್ಸು ಮಾಡಿದ್ದಳು. ತಲೆಯ ಮೇಲೆ ಸೆರಗು ಎಳೆದುಕೊಂಡು ಮುಂದೆ ಬಂದಳು.

“ಆಣಿ ಮಾಡ್ತೀನ್ರಿ ಯಪ್ಪಾ. ಆದ್ರ ಒಂದು ಅಂಜಿಕಿ ಐತಿ. ಗೆದ್ದ ಮ್ಯಾಲೆ ನೀವು ಪಕ್ಷ ಬಿಟ್ಟು ಹೋದ್ರ, ನಿಮಗ ಹಾಕಿದ ಓಟು ಆ ಕಡೆಯವರ ಪಾಲಾಗತೈತಿ. ಆಗ ನನ್ನ ಆಣಿ ಸುಳ್ಳಾಗಿ, ಅವ್ವ ನನ್ನ ಹಿಡೀತಾಳ. ಪಕ್ಷ ಬಿಡಂಗಿಲ್ಲ ಅಂತ ಮೊದಲ ನೀವು ಕಾಯಿ ಮುಟ್ರಿ. ನಿಮ್ಮ ಹಿಂದ ನಾವೆಲ್ಲಾ ಮುಟ್ತೀವಿ.”

ಗುಡಿಯಲ್ಲಿದ್ದವರೆಲ್ಲ ಗೌಡರ ಕಡೆ ತಿರುಗಿದರು. ಗೌಡರು ಈಗಾಗಲೇ ಮೂರು ಪಕ್ಷ ಬದಲಿಸಿದವರು.

ಪಕ್ಕದಲ್ಲೇ ನಿಂತಿದ್ದ ಪಕ್ಷದ ಜಿಲ್ಲಾಧ್ಯಕ್ಷರು, “ಮುಟ್ಟಿಬಿಡ್ರಿ ಗೌಡ್ರ, ನಮಗೂ ಸಮಾಧಾನ” ಎಂದರು.

ಗೌಡರು ಕೈ ಚಾಚಿದರು. ದೇವಿಯ ಬೆಳ್ಳಿಯ ಕಣ್ಣು ಅವರನ್ನೇ ನೋಡುತ್ತಿತ್ತು. ಹಣೆಯ ಕುಂಕುಮ ಬೆವರಿನೊಂದಿಗೆ ಮೂಗಿನ ಮೇಲೆ ಇಳಿಯಿತು. ಚಾಚಿದ ಕೈ ನಿಧಾನವಾಗಿ ಹಿಂದಕ್ಕೆ ಬಂತು.

“ಛೇ ಛೇ! ಎಲೆಕ್ಷನ್ನಿಗೆ ದೇವರನ್ನ ಯಾಕ ಎಳೀತೀರಿ? ಬುದ್ಧಿ ಇಲ್ಲೇನು ನಿಮಗ? ಎಲ್ಲಾರೂ ಮನೀಗೆ ನಡೀರಿ!” ಎಂದು ಗದರಿದರು.

ಜನ ಒಬ್ಬೊಬ್ಬರಾಗಿ ಹೊರಟರು. ಜಿಲ್ಲಾಧ್ಯಕ್ಷರು ಮಾತ್ರ ಗೌಡರ ಮುಖವನ್ನೇ ನೋಡುತ್ತ ಅಲ್ಲೇ ನಿಂತಿದ್ದರು.